ಗೃಹರಹಸ್ಯದ ಕಾದಂಬರಿಗಳು

೧

ಹೋದ ತಿಂಗಳು ನಮ್ಮ ಸಂಘದ ಪುಸ್ತಕ ಭಂಡಾರದ ಸಮಿತಿಯಲ್ಲಿ ಒಂದು ಸಣ್ಣ ವಿವಾದವು ಹುಟ್ಟಿತು. ಹೊರಗಿನಿಂದ ನೋಡುವವರಿಗೆ ಸುಖವಾಗಿ ಕಾಣುವ ಸಂಸಾರ. ಒಳಗೆ ಯಾರೂ ಅರಿಯದ ಒಂದು ಕೊಲೆ, ಒಂದು ಕಪಟ ವಿವಾಹ, ಇಲ್ಲವೆ ಮುಚ್ಚಿಟ್ಟ ಒಂದು ಜನ್ಮವೃತ್ತಾಂತ. ಇಂಥ ವಸ್ತುವುಳ್ಳ ಇಂಗ್ಲಿಷ್ ಕಾದಂಬರಿಗಳನ್ನು ಕೊಂಡು ಇಡಬೇಕೆಂದು ಕೆಲವು ಸದಸ್ಯರು ಬರೆದು ಕೇಳಿದ್ದರು. ಹಿರಿಯರೊಬ್ಬರು ಆಕ್ಷೇಪಿಸಿದರು. "ಮನೆಯೆಂಬುದು ನಂಬಿಕೆಯ ಮೇಲೆ ನಿಂತಿರುವ ವಸ್ತು. ಗಂಡನ ಪೆಟ್ಟಿಗೆಯಲ್ಲಿ ಏನಿದೆಯೋ, ಅತ್ತೆಯ ಮನಸ್ಸಿನಲ್ಲಿ ಏನಿದೆಯೋ ಎಂದು ಶಂಕಿಸುವುದನ್ನು ಕಲಿಸುವ ಪುಸ್ತಕಗಳು ಗೃಹಸ್ಥರ ಮನೆಗೆ ಏತಕ್ಕೆ?" ಎಂಬುದು ಅವರ ಮಾತು.

ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ಏಕೆಂದರೆ ಬಹುಕಾಲ ನನ್ನ ಅಭಿಪ್ರಾಯವೂ ಅದೇ ಆಗಿದ್ದಿತು. ಉಪಾಧ್ಯಾಯನಾಗಿದ್ದಾಗ ವಿದ್ಯಾರ್ಥಿಗಳ ಕೈಯಿಂದ ಇಂಥ ಪುಸ್ತಕಗಳನ್ನು ನಾನು ಕಿತ್ತುಕೊಂಡು ಬೀರುವಿನಲ್ಲಿ ಹಾಕಿ ಬೀಗ ಹಾಕಿದ್ದುಂಟು; ಅವುಗಳಲ್ಲಿ ಒಂದನ್ನೂ ಓದಿ ನೋಡಿದ್ದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಕಣ್ಣಿನ ಪೊರೆಯನ್ನು ತೆಗೆದರು. ಕೆಲವು ವಾರ ಓದಕೂಡದೆಂದು ವೈದ್ಯರ ಅಪ್ಪಣೆಯಾಯಿತು. ನನ್ನ ಸೊಸೆಯು ರಾತ್ರಿಯ ಊಟವಾದ ಮೇಲೆ ತನಗೆ ಪ್ರಿಯವಾದೊಂದು ಇಂಗ್ಲಿಷ್ ಕಾದಂಬರಿಯನ್ನು ನನಗೆ ಓದಿ ಹೇಳತೊಡಗಿದಳು. ನಾನು ಬೇಡವೆನ್ನಲಿಲ್ಲ, ಹತ್ತನೆಯ ರಾತ್ರಿಯ ಹೊತ್ತಿಗೆ ನಾನೇ ಅವಳನ್ನು ಕರೆಯುತ್ತಿದ್ದೆನು. ಅದು ಮುಗಿದ ಬಳಿಕ ಮತ್ತೆರಡು ಪುಸ್ತಕಗಳಾದುವು. ಅವುಗಳನ್ನು ಕುರಿತು ನನಗೆ ತೋರಿದುದನ್ನು ಇಲ್ಲಿ ಬರೆದಿರುವೆನು. ಕಥೆಯ ಮರ್ಮವನ್ನು ಹೇಳದೆ ವಿಮರ್ಶೆ ಸಾಧ್ಯವಿಲ್ಲ. ಮುಂದೆ ಓದಬೇಕೆಂದಿರುವವರು ಕ್ಷಮಿಸಬೇಕು.

೨

ಮೊದಲು ಕುತೂಹಲದ ವಿಚಾರ. ಕುತೂಹಲವೊಂದರಿಂದಲೇ ಓದಿಸಿಕೊಳ್ಳುವ ಬರೆಹವು ಕೀಳೆಂದು ಹೇಳುವುದು ವಾಡಿಕೆ. ನಮ್ಮ ಆಲಂಕಾರಿಕರ ನಿಲುವು ಇಷ್ಟು ಸರಳವಾಗಿಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆ, ಎಂದರೆ ಒಗಟಿನ, ಹದಿನಾರು ಭೇದಗಳನ್ನು ಹೇಳಿ, ವಿನೋದದ ಗೋಷ್ಠಿಗಳಲ್ಲಿ ಅವುಗಳಿಗೂ ಉಪಯೋಗವುಂಟೆಂದು ಒಪ್ಪುತ್ತಾನೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥನಾದರೋ ಸಾಹಿತ್ಯದರ್ಪಣದಲ್ಲಿ ಪ್ರಹೇಲಿಕೆಯು ರಸಕ್ಕೆ ವಿರೋಧಿಯಾದುದರಿಂದ ಅದನ್ನು ಅಲಂಕಾರವೆಂದೇ ಎಣಿಸಲಾಗದೆಂದು ಹೊರಗಿಡುತ್ತಾನೆ. ಒಗಟು ಬಿಡಿಸುವ ತನಕ ಬುದ್ಧಿಯು ತವಕಿಸುತ್ತಿರುತ್ತದೆ. ತವಕಿಸುವ ಬುದ್ಧಿಗೆ ರಸವು ದಕ್ಕುವುದಿಲ್ಲ. ಬಿಡಿಸಿದ ಮೇಲೆ ಒಗಟೇ ಉಳಿಯುವುದಿಲ್ಲ. ವಿಶ್ವನಾಥನ ಆಕ್ಷೇಪದ ತಿರುಳು ಇದೆಂದು ನಾನು ತಿಳಿದಿದ್ದೇನೆ.

ಆದರೆ ನಾಟ್ಯಶಾಸ್ತ್ರವು ಇನ್ನೊಂದು ದಾರಿಯನ್ನು ತೋರಿಸುತ್ತದೆ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಐದು ಸಂಧಿಗಳಲ್ಲಿ ಬೀಜವು ಕಾಣಿಸಿಕೊಂಡು, ಮರೆಯಾಗಿ, ಹುಡುಕಲ್ಪಟ್ಟು, ಕೊನೆಗೆ ಫಲಿಸಬೇಕು. ಆ ನಿರ್ವಹಣದಲ್ಲಿ ಅದ್ಭುತರಸವು ಇರಬೇಕೆಂದು ಭರತಮುನಿಯೇ ವಿಧಿಸಿದ್ದಾನೆ. ಬಚ್ಚಿಡುವುದು ಮತ್ತು ಬಯಲು ಮಾಡುವುದು ಕಥನದ ಧರ್ಮವೇ ಹೊರತು ದೋಷವಲ್ಲ. ಭೇದವೊಂದುಂಟು. ಶಾಕುಂತಲದಲ್ಲಿ ಶಾಪದ ಗುಟ್ಟು ದುಷ್ಯಂತನಿಗೆ ತಿಳಿಯದು. ನೋಡುವ ನಮಗೆ ತಿಳಿದಿದೆ. ಮುದ್ರಾರಾಕ್ಷಸದಲ್ಲಿ ಚಾಣಕ್ಯನ ತಂತ್ರವು ರಾಕ್ಷಸನಿಗೆ ಮರೆ, ಪ್ರೇಕ್ಷಕರಿಗಲ್ಲ. ನಮ್ಮ ಕವಿಗಳು ಪ್ರೇಕ್ಷಕನನ್ನು ಗುಟ್ಟಿನ ಒಳಗೆ ಕೂರಿಸಿಕೊಂಡು ಕಥೆ ಹೇಳಿದರು. ಈ ಇಂಗ್ಲಿಷ್ ಕಾದಂಬರಿಕಾರರು ಓದುಗನನ್ನು ಬಾಗಿಲ ಹೊರಗೆ ನಿಲ್ಲಿಸಿ ಬೀಗದ ಕಂಡಿಯಿಂದ ನೋಡಿಸುತ್ತಾರೆ. ಹೀಗೆ ನೋಡಿಸಿದವರು ಬಾಗಿಲು ತೆರೆದ ಮೇಲೆ ಒಳಗಿದ್ದವರನ್ನು ನಮಗೆ ಮುಖಾಮುಖಿಯಾಗಿ ತೋರಿಸುತ್ತಾರೆಯೆ, ಅವರ ಮಾತನ್ನು ಕೇಳಿಸುತ್ತಾರೆಯೆ, ಎಂಬುದೇ ನಾನು ಕೇಳುವ ಪ್ರಶ್ನೆ. ತೋರಿಸಿದರೆ ಕಾವ್ಯ, ಇಲ್ಲದಿದ್ದರೆ ಪ್ರಹೇಲಿಕೆ.

೩

ಈ ಜಾತಿಯ ಕಾದಂಬರಿಗೆ ಒಂದು ಚರಿತ್ರೆಯುಂಟು. ಹದಿನೆಂಟನೆಯ ಶತಮಾನದಲ್ಲಿ ಹೊರೇಸ್ ವಾಲ್‌ಪೋಲನ 'ಕ್ಯಾಸಲ್ ಆಫ್ ಒಟ್ರಾಂಟೊ' (೧೭೬೪), ಆನ್ ರ‍್ಯಾಡ್‌ಕ್ಲಿಫ್ ಎಂಬಾಕೆಯ 'ಮಿಸ್ಟರೀಸ್ ಆಫ್ ಉಡಾಲ್ಫೊ' (೧೭೯೪) ಮುಂತಾದ ಭಯಾನಕ ಕಥೆಗಳು ಹೆಸರು ಪಡೆದಿದ್ದುವು. ಅವುಗಳಲ್ಲಿ ಕೇಡು ನಡೆಯುತ್ತಿದ್ದುದು ಇಟಲಿ ದೇಶದ ಹಳೆಯ ಕೋಟೆಗಳಲ್ಲಿ. ಇಂಗ್ಲೆಂಡಿನ ಓದುಗನು ಪುಸ್ತಕವನ್ನು ಮುಚ್ಚಿ, ಸದ್ಯ ಇದು ನಮ್ಮೂರಲ್ಲ ಎಂದು ದೀಪವಾರಿಸಿ ಮಲಗಬಹುದಾಗಿತ್ತು. ೧೮೬೦ರ ದಶಕದಲ್ಲಿ ಕೇಡು ಅವನದೇ ಹಜಾರಕ್ಕೆ ಬಂದಿತು. ಮನೆಬಾಗಿಲಿನಲ್ಲಿಯೇ ಇರುವ ರಹಸ್ಯವನ್ನು ಕಾದಂಬರಿಗೆ ತಂದ ಶ್ರೇಯಸ್ಸು ವಿಲ್ಕಿ ಕಾಲಿನ್ಸನದೆಂದು ಹೆನ್ರಿ ಜೇಮ್ಸನು ೧೮೬೫ರಲ್ಲಿ ಬರೆದನು. ಅದಕ್ಕೆ ಎರಡು ವರ್ಷ ಮುಂಚೆ, ೧೮೬೩ರಲ್ಲಿ, ಹೆನ್ರಿ ಮ್ಯಾನ್ಸೆಲ್ ಎಂಬ ವಿದ್ವಾಂಸನು ಇವು ಬುದ್ಧಿಯನ್ನು ಬಿಟ್ಟು ನರಗಳನ್ನು ಕೆರಳಿಸುವ ಬರೆಹಗಳೆಂದು ದೀರ್ಘವಾಗಿ ಖಂಡಿಸಿದ್ದನು. ನಮ್ಮ ಸಮಿತಿಯ ವಿವಾದವು ಹೊಸದೇನೂ ಅಲ್ಲವೆಂದಾಯಿತು.

ಆ ಕಾಲದ ಒಂದು ನಿಜಘಟನೆಯೂ ಈ ಬರೆಹಗಳಿಗೆ ನೀರೆರೆಯಿತು. ೧೮೬೦ರಲ್ಲಿ ವಿಲ್ಟ್‌ಶೈರ್ ಪ್ರಾಂತದ ರೋಡ್ ಹಿಲ್ ಎಂಬ ದೊಡ್ಡ ಮನೆಯಲ್ಲಿ ಮೂರು ವರ್ಷದ ಮಗುವಿನ ಕೊಲೆಯಾಯಿತು. ವಿಚಾರಣೆಗೆ ಬಂದ ಪೊಲೀಸು ಅಧಿಕಾರಿ ವಿಚರ್ ಎಂಬವನು ಆ ಮನೆಯ ಹದಿನಾರು ವರ್ಷದ ಮಗಳನ್ನೇ ಶಂಕಿಸಿದನು. ಒಂದು ಕಳೆದುಹೋದ ರಾತ್ರಿಯುಡುಪು ಅವನ ಆಧಾರ. ಮರ್ಯಾದಸ್ಥರ ಮನೆಯ ಹುಡುಗಿಯ ಮೇಲೆ ತೋಟಗಾರನ ಮಗನೊಬ್ಬನು ಇಂಥ ಅಪವಾದ ಹೊರಿಸಿದನೆಂದು ಜನರು ಕೆರಳಿದರು. ಅವನ ಕೀರ್ತಿ ಮಣ್ಣುಗೂಡಿತು. ಐದು ವರ್ಷಗಳ ಬಳಿಕ, ೧೮೬೫ರಲ್ಲಿ, ಆ ಹುಡುಗಿಯು ತಾನೇ ತಪ್ಪೊಪ್ಪಿಕೊಂಡಳು. ಮನೆಯ ಮಾನವೆಂಬುದು ಸತ್ಯಕ್ಕೆ ಹೇಗೆ ಅಡ್ಡವಾಗಿ ನಿಲ್ಲಬಲ್ಲುದೆಂಬುದಕ್ಕೆ ಇದು ಉದಾಹರಣೆ. ಕಾಲಿನ್ಸನ 'ಮೂನ್‌ಸ್ಟೋನ್' (೧೮೬೮) ಕಾದಂಬರಿಯಲ್ಲಿ ಬಣ್ಣ ಹತ್ತಿದ ರಾತ್ರಿಯುಡುಪು ಒಂದು ಮುಖ್ಯ ಸಾಕ್ಷ್ಯವಾಗಿ ಬರುವುದನ್ನು ಓದಿದವರು ಬಲ್ಲರು.

೪

ಸೊಸೆಯು ನನಗೆ ಮೊದಲು ಓದಿದುದು ಕಾಲಿನ್ಸನ 'ದಿ ವುಮನ್ ಇನ್ ವೈಟ್'. ಶ್ವೇತವಸನೆ ಎಂದು ಕರೆಯೋಣ. ೧೮೫೯ರ ನವೆಂಬರಿನಿಂದ ೧೮೬೦ರ ಆಗಸ್ಟಿನವರೆಗೆ ಡಿಕನ್ಸನ ವಾರಪತ್ರಿಕೆಯಲ್ಲಿ ಇದು ಕಂತುಕಂತಾಗಿ ಬಂದಿತು.

ಕಥೆಯ ಸಂಗ್ರಹವಿಷ್ಟು. ವಾಲ್ಟರ್ ಹಾರ್ಟ್‌ರೈಟ್ ಎಂಬ ಚಿತ್ರಕಲೆಯ ಉಪಾಧ್ಯಾಯನು ನಡುರಾತ್ರಿ ಲಂಡನ್ನಿಗೆ ನಡೆದು ಬರುತ್ತಿರುವಾಗ ಬಿಳಿಯ ಬಟ್ಟೆಯನ್ನುಟ್ಟ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವನನ್ನು ಮುಟ್ಟುತ್ತಾಳೆ. ಅವಳು ಹುಚ್ಚರ ಆಶ್ರಯದಿಂದ ತಪ್ಪಿಸಿಕೊಂಡು ಬಂದ ಆನ್ ಕ್ಯಾಥರಿಕ್. ಮುಂದೆ ಅವನು ಪಾಠ ಹೇಳಲು ಹೋದ ಮನೆಯ ಲಾರಾ ಎಂಬ ಕನ್ಯೆಯು ರೂಪದಲ್ಲಿ ಅವಳನ್ನೇ ಹೋಲುತ್ತಾಳೆ. ಲಾರಾಳಿಗೆ ಸರ್ ಪರ್ಸಿವಲ್ ಗ್ಲೈಡ್ ಎಂಬ ಜಹಗೀರುದಾರನೊಡನೆ ಮದುವೆಯಾಗುತ್ತದೆ. ಆಕೆಯು ಮಕ್ಕಳಿಲ್ಲದೆ ಗಂಡನಿಗಿಂತ ಮುಂಚೆ ಸತ್ತರೆ ಆಕೆಯ ೨೦,೦೦೦ ಪೌಂಡು ಗಂಡನಿಗೆ ಸೇರುವಂತೆ ವಿವಾಹದ ಕರಾರು ಆಗುತ್ತದೆ. ಮನೆಯ ವಕೀಲನು ಬೇಡವೆಂದರೂ, ತನ್ನ ನೆಮ್ಮದಿಗೆ ಭಂಗ ಬಾರದಿದ್ದರೆ ಸಾಕೆನ್ನುವ ಚಿಕ್ಕಪ್ಪನು ಒಪ್ಪಿಬಿಡುತ್ತಾನೆ. ಮುಂದೆ ನಡೆಯುವುದನ್ನು ಊಹಿಸುವುದು ಕಷ್ಟವಲ್ಲ. ಗಂಡನೂ ಅವನ ಮಿತ್ರ ಕೌಂಟ್ ಫಾಸ್ಕೊ ಎಂಬ ಇಟಲಿಯವನೂ ಸೇರಿ ರೋಗಿಷ್ಠಳಾದ ಆನ್‌ಳನ್ನು ಲಾರಾಳ ಹೆಸರಿನಲ್ಲಿ ಸಾಯಗೊಟ್ಟು ಹೂಳುತ್ತಾರೆ. ಬದುಕಿರುವ ಲಾರಾಳನ್ನು ಆನ್‌ಳ ಹೆಸರಿನಲ್ಲಿ ಹುಚ್ಚರ ಆಶ್ರಯದಲ್ಲಿ ಕೂಡುತ್ತಾರೆ. ಬದುಕಿರುವಾಕೆಯು ತನ್ನ ಹೆಸರು ಕೊರೆದ ಗೋರಿಯ ಪಕ್ಕದಲ್ಲಿ ನಿಂತಿರುವ ಪ್ರಸಂಗವನ್ನು ಓದಿದಾಗ ಸೊಸೆಯೂ ನಾನೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಕೊನೆಗೆ ಎಲ್ಲವೂ ಒಂದು ತಾರೀಖಿನ ಮೇಲೆ ನಿಲ್ಲುತ್ತದೆ. ಮರಣಪತ್ರದಲ್ಲಿ ಜುಲೈ ೨೫. ಲಾರಾ ಲಂಡನ್ನಿಗೆ ಹೊರಟುದು ಜುಲೈ ೨೬. ಸತ್ತ ಮರುದಿನ ಯಾರೂ ಪ್ರಯಾಣ ಹೊರಡುವುದಿಲ್ಲ. ಗಂಡನ ಗುಟ್ಟಾದರೋ ಇನ್ನೊಂದು ಕಾಗದದಲ್ಲಿದೆ: ಅವನ ತಂದೆತಾಯಿಗಳಿಗೆ ಮದುವೆಯೇ ಆಗಿರಲಿಲ್ಲ, ಚರ್ಚಿನ ದಾಖಲೆಯಲ್ಲಿ ಅವನೇ ಸುಳ್ಳು ವಿವಾಹವನ್ನು ಬರೆದು ಸೇರಿಸಿದ್ದನು.

ಈ ಕಾದಂಬರಿಯ ಬಲವು ಗುಟ್ಟಿನಲ್ಲಿಲ್ಲ. ಗ್ಲೈಡನ ಜನ್ಮದ ಗುಟ್ಟು ತಿಳಿದಾಗ, ಇಷ್ಟೇ ಏನು ಎನ್ನಿಸುತ್ತದೆ. ಬಲವಿರುವುದು ಅದಕ್ಕೆ ಮುಂಚಿನ ಒಂದು ಸಣ್ಣ ಪ್ರಸಂಗದಲ್ಲಿ. ಗಂಡನು ಮಡಿಸಿದ ಪತ್ರವೊಂದನ್ನು ಹೆಂಡತಿಯ ಮುಂದಿಟ್ಟು, ರುಜು ಮಾಡತಕ್ಕ ಸ್ಥಳವನ್ನು ಮಾತ್ರ ತೆರೆದು ತೋರಿಸಿ, ಮೇಲೆ ಬರೆದುದನ್ನು ಓದಗೊಡದೆ, ರುಜು ಹಾಕೆನ್ನುತ್ತಾನೆ. ಆಕೆಯು, ಇದರಲ್ಲಿ ಏನಿದೆಯೆಂದು ತಿಳಿಯದೆ ಹಾಕಲಾರೆನೆನ್ನುತ್ತಾಳೆ. ರಕ್ತವಿಲ್ಲ, ಕತ್ತಲೆಯಿಲ್ಲ, ಹಗಲು ಹೊತ್ತು, ಪುಸ್ತಕಗಳಿರುವ ಕೋಣೆ, ಲೇಖನಿ, ಮಸಿ. ಅದಕ್ಕಿಂತ ಭಯಾನಕವಾದ ಪ್ರಸಂಗವು ಆ ಪುಸ್ತಕದಲ್ಲಿ ಮತ್ತೊಂದಿಲ್ಲ. ವಿವಾಹಿತ ಸ್ತ್ರೀಯ ಆಸ್ತಿಯನ್ನು ಅವಳದೆಂದು ಇಂಗ್ಲೆಂಡಿನ ಕಾಯಿದೆಯು ಒಪ್ಪತೊಡಗಿದುದು ೧೮೭೦ರಲ್ಲಿ, ಚೆನ್ನಾಗಿ ಒಪ್ಪಿದುದು ೧೮೮೨ರಲ್ಲಿ. ಕಾದಂಬರಿಯು ಅದಕ್ಕಿಂತ ಮುಂಚಿನದೆಂಬುದನ್ನು ನೆನೆಯಬೇಕು.

ಒಂದು ಕೊರತೆಯನ್ನೂ ಹೇಳಬೇಕು. ನ್ಯಾಯಸ್ಥಾನದಲ್ಲಿ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ನುಡಿಯುವಂತೆ ಕಾಲಿನ್ಸನು ಕಥೆಯನ್ನು ಹಲವರಿಂದ ಬರೆಯಿಸಿದ್ದಾನೆ. ಉಪಾಧ್ಯಾಯನು ಬರೆಯುತ್ತಾನೆ, ವಕೀಲನು ಬರೆಯುತ್ತಾನೆ, ಲಾರಾಳ ಅಕ್ಕ ಮೇರಿಯನ್ ದಿನಚರಿ ಬರೆಯುತ್ತಾಳೆ, ಸೋಮಾರಿ ಚಿಕ್ಕಪ್ಪನೂ ಗೊಣಗುತ್ತಾ ಬರೆಯುತ್ತಾನೆ. ಅಡುಗೆಯವಳ ಹೇಳಿಕೆಯುಂಟು, ವೈದ್ಯನ ಪತ್ರವುಂಟು, ಖಳನಾದ ಫಾಸ್ಕೊವಿನ ಜಂಭದ ಬರೆಹವುಂಟು. ಗೋರಿಯ ಕಲ್ಲಿನ ನಿರೂಪಣೆಯೆಂದು ಕೂಡ ಒಂದು ಭಾಗವುಂಟು. ಲಾರಾಳ ನಿರೂಪಣೆಯಿಲ್ಲ. ಆನ್‌ಳ ನಿರೂಪಣೆಯೂ ಇಲ್ಲ. ಯಾರ ಹೆಸರನ್ನು ಕದ್ದರೋ, ಯಾರನ್ನು ಬೇರೆ ಹೆಸರಿನಲ್ಲಿ ಹೂಳಿದರೋ, ಆ ಇಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ, ಕಲ್ಲಿಗೂ ಕೂಡ, ಮಾತು ದೊರೆತಿದೆ. ಇದು ಲೇಖಕನ ಮರೆವೋ ಕಾಲದ ಕುರುಡೋ ನಾನರಿಯೆ. ಮೊದಲ ಓದಿನಲ್ಲಿ ನನಗೂ ಇದು ಕಾಣಲಿಲ್ಲ. ಸೊಸೆಯೇ, "ಮಾವ, ಇಷ್ಟು ಜನ ಬರೆದರಲ್ಲ, ಲಾರಾ ಏಕೆ ಬರೆಯಲಿಲ್ಲ?" ಎಂದು ಕೇಳಿದಳು.

೫

ಆ ಪ್ರಶ್ನೆಯು ನನ್ನನ್ನು ನನ್ನ ಬಾಲ್ಯದ ಮನೆಗೆ ಕರೆದುಕೊಂಡು ಹೋಯಿತು. ವಿಮರ್ಶೆಯಲ್ಲಿ ಸ್ವಂತ ವೃತ್ತಾಂತವು ಸಲ್ಲದೆಂಬ ನಿಯಮವನ್ನು ಬಲ್ಲೆನಾದರೂ, ಇದನ್ನು ಹೇಳದೆ ನನ್ನ ಅಭಿಪ್ರಾಯವು ಹೇಗೆ ಬದಲಾಯಿತೆಂದು ಹೇಳಲಾರೆನು.

ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ನನ್ನ ಸೋದರತ್ತೆಯೊಬ್ಬರು ಇದ್ದರು. ಚಿಕ್ಕಂದಿನಲ್ಲಿಯೇ ವಿಧವೆಯಾಗಿ ತೌರಿಗೆ ಬಂದವರು. ಅವರಿಗೆ ಚಿತ್ತಸ್ವಾಸ್ಥ್ಯವಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಬಂದವರ ಮುಂದೆ ಅವರು ಬರಕೂಡದು, ನಾವು ಅವರನ್ನು ಏನೂ ಕೇಳಕೂಡದು. ಊಟದ ತಟ್ಟೆಯನ್ನು ಕೊಂಡೊಯ್ಯುವ ಕೆಲಸ ಒಮ್ಮೊಮ್ಮೆ ನನ್ನದಾಗುತ್ತಿತ್ತು. ಪಾಠಶಾಲೆಗೆ ಸೇರಿದ ಹೊಸದರಲ್ಲಿ ನಾನು ಸಂಜೆ ಅಮರಕೋಶವನ್ನು ಗಟ್ಟಿಯಾಗಿ ಒಪ್ಪಿಸುತ್ತಿರುವಾಗ ಎಲ್ಲಿಯಾದರೂ ತಪ್ಪಿದರೆ ಆ ಕೋಣೆಯ ಬಾಗಿಲ ಹಿಂದಿನಿಂದ ಸರಿಯಾದ ಪಾಠವು ಕೇಳಿಬರುತ್ತಿತ್ತು. ಮೂರು ತಲೆಮಾರಿನ ಗಂಡುಮಕ್ಕಳು ಒಪ್ಪಿಸಿದುದನ್ನು ಕೇಳಿ ಕೇಳಿಯೇ ಅವರಿಗೆ ಕಂಠಸ್ಥವಾಗಿದ್ದಿತು. ಹುಚ್ಚರಿಗೆ ಅಮರಕೋಶವು ಬರುತ್ತದೆಯೆ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ತಂದೆಯವರು ಕಾಲವಾದ ಮೇಲೆ ಮನೆ ಹಿಸ್ಸೆಯಾಗುವಾಗ ಹಳೆಯ ಕಾಗದಗಳನ್ನು ನೋಡಿದೆನು. ಅತ್ತೆಯವರ ಗಂಡನಿಂದ ಬಂದಿದ್ದ ಮೂರು ಎಕರೆ ಗದ್ದೆಯನ್ನು ಅವರು ನಮ್ಮ ತಾತನವರಿಗೆ ಬರೆದುಕೊಟ್ಟ ದಾನಪತ್ರವಿತ್ತು, ೧೯೫೮ನೆಯ ಇಸವಿಯದು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಗೆ ತನ್ನ ಸ್ವತ್ತಿನ ಮೇಲೆ ಪೂರ್ಣ ಸ್ವಾಮ್ಯವನ್ನು ಕೊಟ್ಟಿತಷ್ಟೆ. ಆದುದರಿಂದಲೇ ಅವರ ರುಜು ಬೇಕಾಗಿತ್ತು. ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಬರೆದುಕೊಟ್ಟಿರುವುದಾಗಿ ಪತ್ರವು ಹೇಳುತ್ತಿತ್ತು. ಕೆಳಗೆ ದುಂಡಾದ ಅಕ್ಷರದ ರುಜು. ಅವರಿಗೆ ಬುದ್ಧಿ ಕೆಟ್ಟುದು ಯಾವಾಗಿನಿಂದ ಎಂದು ಮನೆಯ ಹಿರಿಯರನ್ನು ಕೇಳಿದರೆ, ಅದಕ್ಕಿಂತ ಬಹು ಮುಂಚಿನಿಂದ ಎಂದರು.

ನ್ಯಾಯಶಾಸ್ತ್ರದಲ್ಲಿ ಉಭಯತಃಪಾಶಾ ರಜ್ಜು ಎನ್ನುತ್ತಾರೆ. ಎರಡು ತುದಿಯಲ್ಲಿಯೂ ಕುಣಿಕೆಯಿರುವ ಹಗ್ಗ. ಅತ್ತೆಯವರಿಗೆ ಹುಚ್ಚಿದ್ದಿತೆಂದರೆ ಪತ್ರವು ನಿಲ್ಲುವುದಿಲ್ಲ. ಪತ್ರವು ನಿಲ್ಲುವುದಾದರೆ ಅವರಿಗೆ ಹುಚ್ಚಿರಲಿಲ್ಲ. ಕಾಗದವನ್ನು ಮಡಿಸಿ ಇಟ್ಟೆನು, ಯಾರೊಡನೆಯೂ ಮಾತನಾಡಲಿಲ್ಲ. ಅತ್ತೆಯವರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಆ ಗದ್ದೆಯ ಭತ್ತವನ್ನು ಉಂಡೇ ನಾನು ಪಾಠಶಾಲೆಯಲ್ಲಿ ಓದಿದ್ದೆನು. ಜುಲೈ ೨೫, ೨೬ರ ಲೆಕ್ಕವನ್ನು ಸೊಸೆಯು ಓದಿದ ರಾತ್ರಿ ಆ ದಾನಪತ್ರವು ನನ್ನ ಕಣ್ಣ ಮುಂದೆ ಬಂದಿತು. ಪರದೇಶದ ಕಥೆಗಾರನೊಬ್ಬನು ನೂರಅರವತ್ತು ವರ್ಷಗಳ ಹಿಂದೆ ಬರೆದುದು ನಾನು ಮಡಿಸಿಟ್ಟ ಕಾಗದವನ್ನು ತೆರೆದು ನನ್ನ ಮುಂದೆ ಇಟ್ಟಿತು.

೬

ಹೀಗೆಂದು ಈ ಜಾತಿಯ ಪುಸ್ತಕಗಳೆಲ್ಲವೂ ಒಂದೇ ಬೆಲೆಯವೆಂದು ನಾನು ಹೇಳುತ್ತಿಲ್ಲ. ಎರಡನೆಯದಾಗಿ ಓದಿದುದು ಮೇರಿ ಎಲಿಜಬೆತ್ ಬ್ರ್ಯಾಡನ್ ಎಂಬಾಕೆಯ 'ಲೇಡಿ ಆಡ್ಲೀಸ್ ಸೀಕ್ರೆಟ್' (೧೮೬೨). ಬಡತನದಲ್ಲಿ ಹೆಂಡತಿಯನ್ನೂ ಕೂಸನ್ನೂ ಬಿಟ್ಟು ಚಿನ್ನವನ್ನರಸಿ ಆಸ್ಟ್ರೇಲಿಯಕ್ಕೆ ಹೋದ ಗಂಡನು ಮೂರು ವರ್ಷಕ್ಕೂ ಮೀರಿ ಒಂದು ಪತ್ರವನ್ನೂ ಬರೆಯಲಿಲ್ಲ. ಆಕೆಯು ಹೆಸರನ್ನು ಬದಲಾಯಿಸಿಕೊಂಡು ವೃದ್ಧನಾದ ಧನಿಕನೊಬ್ಬನನ್ನು ಮದುವೆಯಾಗುತ್ತಾಳೆ. ಹಿಂದಿರುಗಿ ಬಂದ ಮೊದಲ ಗಂಡನನ್ನು ಬಾವಿಗೆ ತಳ್ಳುತ್ತಾಳೆ. ಪತ್ತೆಯಾದಾಗ ತನಗೆ ತಾಯಿಯಿಂದ ಬಂದ ಹುಚ್ಚುಂಟೆನ್ನುತ್ತಾಳೆ. ಪರೀಕ್ಷಿಸಲು ಬಂದ ವೈದ್ಯನು ಮೊದಲು ಹೇಳುವ ಮಾತು ಗಮನಾರ್ಹವಾದುದು: ಮನೆಯಲ್ಲಿ ಸುಖವಿರಲಿಲ್ಲವಾದುದರಿಂದ ಹೊರಟಳು, ಐಶ್ವರ್ಯ ದೊರೆಯುವುದೆಂದು ಮದುವೆಯಾದಳು, ಇದರಲ್ಲಿ ಹುಚ್ಚೇನಿದೆ? ಆದರೂ ಆಕೆಯು ಅಪಾಯಕಾರಿಯೆಂದು ಹೇಳಿ, ಬೇರೆ ಹೆಸರಿನಲ್ಲಿ ಬೆಲ್ಜಿಯಂ ದೇಶದ ಹುಚ್ಚರ ಆಶ್ರಯಕ್ಕೆ ಕಳುಹಿಸಲು ಅವನೇ ನೆರವಾಗುತ್ತಾನೆ. ಮನೆಯ ಮಾನವು ಉಳಿಯಿತು. ಆಕೆಯು ನಿರಪರಾಧಿಯೆಂದು ಯಾರೂ ಹೇಳರು. ಆದರೆ ಶಿಕ್ಷೆಯಾದುದು ಅಪರಾಧಕ್ಕಲ್ಲ, ಗದ್ದಲವಾಗದಿರಲೆಂದು. ಲೇಖಕಿಗೆ ಇದು ತಿಳಿದಿದ್ದಿತೆಂದು ನನ್ನ ನಂಬಿಕೆ. ಆಕೆಯೂ ತನ್ನ ಪ್ರಕಾಶಕನೊಡನೆ ಅವನ ಮೊದಲ ಹೆಂಡತಿ ಬದುಕಿರುವಾಗಲೇ ಸಂಸಾರ ಹೂಡಿ, ಆಕೆಯು ಸತ್ತ ಬಳಿಕ ೧೮೭೪ರಲ್ಲಿ ಮದುವೆಯಾದವಳು. ಮುಚ್ಚಿಟ್ಟುಕೊಂಡು ಬಾಳುವುದೆಂದರೇನೆಂಬುದನ್ನು ಬಲ್ಲವಳು. ಅಪರಾಧಿನಿಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲು ಆಕೆಯು ಅವಕಾಶ ಕೊಟ್ಟಿದ್ದಾಳೆ. ಆ ಮಟ್ಟಿಗೆ ಇದು ಕಾಲಿನ್ಸನಿಗಿಂತ ಒಂದು ಹೆಜ್ಜೆ ಮುಂದೆ.

ಮೂರನೆಯದು ಡ್ಯಾಫ್ನಿ ಡು ಮೋರಿಯೆಯ 'ರೆಬೆಕಾ' (೧೯೩೮). ಕುಶಲತೆಯಲ್ಲಿ ಇದು ಮೂರರಲ್ಲಿಯೂ ಮೇಲು. ನನಗೆ ಅಂಜಿಕೆಯನ್ನು ಹುಟ್ಟಿಸಿದುದೂ ಇದೇ. ತನ್ನ ಹೆಸರನ್ನೇ ಹೇಳದ ಎರಡನೆಯ ಹೆಂಡತಿಯು ಕಥೆ ಹೇಳುತ್ತಾಳೆ. ಸತ್ತ ಸವತಿ ರೆಬೆಕಾಳ ನೆರಳು ಮನೆಯನ್ನೆಲ್ಲ ಆವರಿಸಿದೆ. ಗಂಡನೇ ಅವಳನ್ನು ಕೊಂದನೆಂದು ತಿಳಿದಾಗ ಈಕೆಗೆ ಭಯವಾಗುವುದಿಲ್ಲ. ಅವನು ಅವಳನ್ನು ಎಂದೂ ಪ್ರೀತಿಸಿರಲಿಲ್ಲವಲ್ಲ ಎಂದು ಸಮಾಧಾನವಾಗುತ್ತದೆ. ಅದು ಹೇಗೋ ನಮಗೂ ಆಗುತ್ತದೆ. ಮುಂದಿನ ವಿಚಾರಣೆಯಲ್ಲಿ ಗಂಡನು ಸಿಕ್ಕಿಬೀಳದಿರಲೆಂದು ನಾನೂ ಉಸಿರು ಬಿಗಿಹಿಡಿದು ಕೇಳಿದೆನು. ರೆಬೆಕಾ ಕೆಟ್ಟವಳೆಂದು ನಮಗೆ ಹೇಳಿದವನು ಕೊಂದವನೇ. ಗುಟ್ಟು ಬಯಲಾಗುವ ಬದಲು ಓದುಗನೇ ಗುಟ್ಟಿನ ಪಾಲುಗಾರನಾಗುತ್ತಾನೆ. ಮನೆಯ ಹಿರಿಯರು ಹೇಳಿದರೆಂದು ಹಿತ್ತಿಲ ಕೋಣೆಯ ಕಡೆ ನೋಡದೆ ಇದ್ದ ಹುಡುಗನ ಹಾಗೆ. ಎರಡನೆಯ ಸಲ ಓದುವವರು ಇದನ್ನು ಗಮನಿಸಿದರೆ ಪುಸ್ತಕವು ಸಾರ್ಥಕ; ಗಮನಿಸದಿದ್ದರೆ ನಮ್ಮ ಸಮಿತಿಯ ಹಿರಿಯರ ಆಕ್ಷೇಪಣೆಯು ಇಲ್ಲಿ ಸಲ್ಲುತ್ತದೆ.

ಈಚಿನ ಪುಸ್ತಕಗಳಲ್ಲಿ ನಾನು ಕೇಳಿದುದು ಕೆಲವು ಮಾತ್ರ. ಅವುಗಳಲ್ಲಿ ಬಹುಪಾಲು, ಕೊನೆಯ ಪುಟದಲ್ಲಿ ಓದುಗನನ್ನು ಬೆಚ್ಚಿಬೀಳಿಸಬೇಕೆಂಬ ಒಂದೇ ಹಟದಿಂದ, ಅದುವರೆಗೆ ಕಟ್ಟಿದ ಮನುಷ್ಯಸ್ವಭಾವವನ್ನು ತಾವೇ ಕೆಡವುತ್ತವೆ. ಅವು ದಂಡಿಯ ಲೆಕ್ಕಕ್ಕೆ ಸೇರಿದುವು. ಅವುಗಳ ವಿಚಾರವನ್ನು ಬೆಳೆಸುವುದಿಲ್ಲ.

೭

ಗೃಹರಹಸ್ಯವು ಪರದೇಶದಿಂದ ಬಂದ ವಸ್ತುವೆಂದು ಭಾವಿಸಬಾರದು. ಕುಂತಿಯ ಗುಟ್ಟಿಗಿಂತ ದೊಡ್ಡ ಗುಟ್ಟು ಯಾವ ಕಾದಂಬರಿಯಲ್ಲಿದೆ? ವ್ಯಾಸರು ಅದನ್ನು ನಮ್ಮಿಂದ ಮುಚ್ಚಿಡುವುದಿಲ್ಲ, ಆದಿಪರ್ವದಲ್ಲಿಯೇ ಹೇಳಿಬಿಡುತ್ತಾರೆ. ಮುಂದಿನ ತವಕವೆಲ್ಲ ಗುಟ್ಟೇನೆಂಬುದರಲ್ಲಿಲ್ಲ. ತಾಯಿಯು ಬಾಯಿ ಬಿಡುವುದೆಂದು ಎಂಬುದರಲ್ಲಿದೆ. ಅಸ್ತ್ರಪರೀಕ್ಷೆಯ ದಿನ ಮೂರ್ಛೆ ಹೋಗುತ್ತಾಳೆ, ಹೇಳುವುದಿಲ್ಲ. ಯುದ್ಧಕ್ಕೆ ಮುನ್ನ ಕರ್ಣನಿಗೆ ಹೇಳುತ್ತಾಳೆ, ಉಳಿದ ಮಕ್ಕಳಿಗೆ ಹೇಳುವುದಿಲ್ಲ. ಕೊನೆಗೆ ಸ್ತ್ರೀಪರ್ವದಲ್ಲಿ, ಗಂಗೆಯ ದಡದಲ್ಲಿ, ಮಡಿದವರಿಗೆ ನೀರು ಬಿಡುವಾಗ, ಕರ್ಣನಿಗೂ ಬಿಡಿರಿ, ಅವನು ನಿಮ್ಮ ಅಣ್ಣ ಎನ್ನುತ್ತಾಳೆ. ಇಲ್ಲಿ ಗುಟ್ಟನ್ನು ಹೊರಗೆಳೆದವನು ಪತ್ತೆದಾರನಲ್ಲ; ಹೊತ್ತವಳೇ ಇಳಿಸಿದಳು. ಅದಕ್ಕೆ ಧರ್ಮರಾಜನು, ಇನ್ನು ಮುಂದೆ ಹೆಂಗಸರಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸಿದನೆಂದು ಶಾಂತಿಪರ್ವವು ಹೇಳುತ್ತದೆ. ಇಷ್ಟು ಕಾಲ ಗುಟ್ಟನ್ನಿಟ್ಟುಕೊಂಡು ಬೆಂದವಳಿಗೆ ಈ ಶಾಪ! ಆ ಶಾಪವನ್ನು ಪಾಠ ಹೇಳುವಾಗ ಮಕ್ಕಳು ನಗುತ್ತಿದ್ದರು; ನಾನೂ ನಗುತ್ತಿದ್ದೆನು. ಈಗ ಅದು ಧರ್ಮರಾಜನ ದುಃಖವೆಂದೂ, ಒಂದು ಬಗೆಯಲ್ಲಿ ವರವೆಂದೂ ತೋರುತ್ತದೆ.

ಕನ್ನಡದಲ್ಲಿಯೂ ಈ ವಸ್ತುವು ಹೊಸದಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯು (೧೮೯೯) ಮರ್ಯಾದೆಯ ಮನೆಯೊಳಗಿನ ಡಂಭವನ್ನು ಬಾಲವಿಧವೆಯೊಬ್ಬಳ ಕಥೆಯಿಂದ ಬಯಲಿಗೆ ತಂದಿತು. ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ದಲ್ಲಿ (೧೯೬೫) ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶವೇ ಧರ್ಮದ ಆಧಾರವೆಂದು ಬಾಳಿ, ಮುಪ್ಪಿನಲ್ಲಿ ಮನೆಯ ಹಳೆಯ ಕಾಗದಗಳಿಂದ ತಮ್ಮ ಜನ್ಮವು ಆ ವಂಶದ್ದಲ್ಲವೆಂದು ತಿಳಿಯುತ್ತಾರೆ. ಇಂಗ್ಲಿಷ್ ಕಥೆಗಾರನಾದರೆ ಆ ಕಾಗದದಲ್ಲಿ ಕಥೆಯನ್ನು ಮುಗಿಸುತ್ತಿದ್ದನು. ಗ್ಲೈಡನು ತನ್ನ ಜನ್ಮದ ಗುಟ್ಟನ್ನು ಉಳಿಸಿಕೊಳ್ಳಲು ದಾಖಲೆಯ ಕೋಣೆಗೆ ಹೋಗಿ ಅಲ್ಲೆದ್ದ ಬೆಂಕಿಯಲ್ಲಿ ತಾನೇ ಬೆಂದನು; ಶ್ರೋತ್ರಿಗಳು ತಮಗೆ ಸಲ್ಲದ ಆಸ್ತಿಯನ್ನು ಬಿಟ್ಟುಕೊಟ್ಟು ಮನೆಯಿಂದ ಹೊರಡುತ್ತಾರೆ. ಒಂದೇ ಗುಟ್ಟು ಇಬ್ಬರಲ್ಲಿ ಎರಡು ಬಗೆಯಾಗಿ ಫಲಿಸಿತು. ತಿಳಿದ ಮೇಲೆ ಮಾಡುವುದೇನು ಎಂಬ ಪ್ರಶ್ನೆಯನ್ನು ಈ ಕನ್ನಡ ಕಾದಂಬರಿಯು ಕೇಳಿದಷ್ಟು ನೇರವಾಗಿ ಮೇಲಿನ ಮೂರು ಪುಸ್ತಕಗಳೂ ಕೇಳುವುದಿಲ್ಲ.

ನಾನು ಶ್ರೋತ್ರಿಗಳಷ್ಟು ದೊಡ್ಡವನಲ್ಲ. ಗದ್ದೆಯು ಹಿಸ್ಸೆಯಾಗಿ ಕೈಬಿಟ್ಟು ಹೋಗಿದೆ, ಅತ್ತೆಯವರಿಗೆ ಮಕ್ಕಳಿಲ್ಲ. ಮಹಾಲಯದ ತರ್ಪಣದಲ್ಲಿ ನಮ್ಮ ತಂದೆಯವರು ಬಿಟ್ಟಿದ್ದ ಹೆಸರೊಂದನ್ನು ಈ ವರ್ಷ ಸೇರಿಸಿಕೊಂಡೆನು. ಮಕ್ಕಳನ್ನೂ ಸೊಸೆಯನ್ನೂ ಕೂರಿಸಿ ಆ ದಾನಪತ್ರವನ್ನು ಓದಿ ಹೇಳಿದೆನು.

೮

ಹಿರಿಯರ ಆಕ್ಷೇಪಣೆಗೆ ನನ್ನ ಉತ್ತರವು ಇಷ್ಟು. ಮನೆಯು ನಂಬಿಕೆಯ ಮೇಲೆ ನಿಂತಿದೆಯೆಂಬುದು ದಿಟ. ಆದರೆ ನಂಬಿಕೆಯೂ ಮೌನವೂ ಒಂದೇ ಅಲ್ಲ. ಕೇಳಕೂಡದೆಂಬ ನಿಯಮದ ಮೇಲೆ ನಿಂತ ಮನೆಯಲ್ಲಿ ಯಾರೋ ಒಬ್ಬರು ಹಿತ್ತಿಲ ಕೋಣೆಯಲ್ಲಿರುತ್ತಾರೆ. ಒಳ್ಳೆಯ ಗೃಹರಹಸ್ಯದ ಕಾದಂಬರಿಯು ನೆರೆಮನೆಯವರನ್ನು ಶಂಕಿಸಲು ಕಲಿಸುವುದಿಲ್ಲ. ನಮ್ಮ ಮನೆಯಲ್ಲಿ ಮಾತನಾಡದಿರುವವರು ಯಾರೆಂದು ನೋಡಲು ಕಲಿಸುತ್ತದೆ.

ಆದುದರಿಂದ ಈ ಪುಸ್ತಕಗಳನ್ನು ಭಂಡಾರಕ್ಕೆ ತರಿಸಬಹುದೆಂದು ನನ್ನ ಅಭಿಪ್ರಾಯ, ಆಯ್ದು ತರಿಸಬೇಕು. ಆಯ್ಕೆಗೆ ಒಂದು ಪರೀಕ್ಷೆಯನ್ನು ಸೂಚಿಸುವೆನು. ಗುಟ್ಟು ತಿಳಿದ ಮೇಲೆ ಇನ್ನೊಮ್ಮೆ ಓದಿರಿ. ಎರಡನೆಯ ಓದಿನಲ್ಲಿ ಕೈಗೆ ಏನೂ ಹತ್ತದಿದ್ದರೆ ಅದು ಒಗಟು, ಹಿಂದಿರುಗಿಸಿಬಿಡಿ. ಮೊದಲ ಸಲ ಕುತೂಹಲವಿದ್ದೆಡೆಯಲ್ಲಿ ಎರಡನೆಯ ಸಲ ಕರುಣೆ ಹುಟ್ಟಿದರೆ ಅದನ್ನು ಇರಿಸಿಕೊಳ್ಳಿ. 'ವಂಶವೃಕ್ಷ'ದ ಪ್ರತಿಯು ನಮ್ಮ ಭಂಡಾರದಲ್ಲಿ ಈಗಾಗಲೇ ಇದೆ. ಶ್ವೇತವಸನೆಯ ಪ್ರತಿಯೊಂದನ್ನು ನಾನೇ ಕೊಡುವವನಿದ್ದೇನೆ. ಸೊಸೆಯು ತನ್ನದನ್ನು ಬಿಟ್ಟುಕೊಡಲಾರಳಾದುದರಿಂದ ಹೊಸದೊಂದಕ್ಕೆ ಬರೆದಿರುವೆನು.